ಸೋಮವಾರದ ಹೊಟ್ಟೆನೋವು

ನನ್ನ ಮೊಮ್ಮಗಳಿಗೆ ಆರು ವರ್ಷವಾಗಿದ್ದಾಗ ಸೋಮವಾರ ಬಂತೆಂದರೆ ಹೊಟ್ಟೆ ನೋಯುತ್ತಿತ್ತು. ಅದು ಸುಳ್ಳು ಎಂದು ಮನೆಯಲ್ಲಿ ಮೊದಲು ಹೇಳಿದವನು ನಾನು. ಒಂದು ಸಲ ಹೇಳಿ ಸುಮ್ಮನಾಗಲಿಲ್ಲ. ಎರಡೂವರೆ ವರ್ಷ ಅದನ್ನೇ ಹೇಳಿದೆ. ಮನೆಯವರೆಲ್ಲ ನನ್ನ ಮಾತನ್ನು ನಂಬಿದರು, ಅವಳ ತಾಯಿಯೊಬ್ಬಳನ್ನು ಬಿಟ್ಟು. ಈಗ ವಯಸ್ಸಾಗಿದೆ. ಯಾರೂ ಕೇಳುತ್ತಿಲ್ಲವಾದರೂ ಆದದ್ದನ್ನು ಆದ ಹಾಗೆ ಬರೆದಿಡಬೇಕು ಅನಿಸಿದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಗಳಾಗಿದ್ದವು. ನಾವು ಬ್ಯಾಡಗಿಯವರು, ಮೆಣಸಿನಕಾಯಿ ವ್ಯಾಪಾರ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ನಾನು ಹತ್ತನೆಯ ಇಯತ್ತೆ ಮುಗಿಸಿ ಅಪ್ಪನ ಜೊತೆ ಚೀಲಗಳ ನಡುವೆ ನಿಂತವನು. ಮೆಣಸಿನಕಾಯಿ ಚೀಲದ ಮೇಲ್ಭಾಗ ಯಾವಾಗಲೂ ಚೆನ್ನಾಗಿರುತ್ತದೆ. ತೂಕ ಬರಲೆಂದು ಒಳಗೆ ನೀರು ಚಿಮುಕಿಸಿರುತ್ತಾರೆ, ಬಣ್ಣಗೆಟ್ಟ ಬಿಳಿಗಾಯಿ ಸೇರಿಸಿರುತ್ತಾರೆ. ನಾನು ಮೊಣಕೈವರೆಗೆ ಕೈ ಹಾಕಿ ನಡುವಿನಿಂದ ಒಂದು ಹಿಡಿ ತೆಗೆದು, ಮುರಿದು, ಇದು ಒಣಗಿದ್ದು, ಇದು ತೊಯಿಸಿದ್ದು ಎಂದು ನಿಂತಲ್ಲೇ ಹೇಳುತ್ತಿದ್ದೆ. ನಲವತ್ತು ವರ್ಷ ಹೀಗೆ ಮಾಡಿದವನಿಗೆ ಎದುರಿಗೆ ಬಂದವರೆಲ್ಲ ಏನನ್ನೋ ಮುಚ್ಚಿಟ್ಟಿದ್ದಾರೆ ಅನಿಸತೊಡಗುತ್ತದೆ. ಮನೆಗೆ ಬಂದ ಮೇಲೂ ಆ ಕಣ್ಣನ್ನು ನಾನು ತೆಗೆದಿಡಲಿಲ್ಲ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಗೋಧಿಯ ಅಡಿಗೆ ಆಗಲೇಬೇಕೆಂಬುದು ನನ್ನ ಕಟ್ಟಳೆ. ಚಪಾತಿ, ಗೋಧಿರವೆಯ ಸಿಹಿ ಸಜ್ಜಕ, ಒಮ್ಮೊಮ್ಮೆ ಗೋಧಿ ಹುಗ್ಗಿ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಗೋಧಿ ಕಾಣುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಉಳಿದ ದಿನಗಳಲ್ಲೆಲ್ಲ ಜೋಳದ ರೊಟ್ಟಿ. ಹಾಗಾಗಿ ವಾರಕ್ಕೊಮ್ಮೆ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಚಪಾತಿ ಉಣ್ಣುವುದನ್ನು ನೋಡಿದರೆ ನಾನು ಜೀವನದಲ್ಲಿ ಮೇಲೆ ಬಂದೆ ಎಂಬ ಸಮಾಧಾನ. ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಸಜ್ಜಕಕ್ಕೆ ತುಪ್ಪ ಹಾಕಿ, ನನ್ನ ಕೈಯಿಂದಲೇ ಉಣಿಸುತ್ತಿದ್ದೆ. ಸಾಕು ಅಂದರೆ ಇನ್ನೆರಡು ತುತ್ತು ಹೆಚ್ಚು.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಅವಳು ಗೋಡೆಗೆ ಆನಿಕೊಂಡು ಕುಳಿತುಬಿಡುತ್ತಿದ್ದಳು.

"ಹೊಟ್ಟಿ ಕಡಿಯಾಕತ್ತೈತಿ."

ಸೋಮವಾರ ನನಗೆ ಮಾರುಕಟ್ಟೆಯ ದಿನ, ಅವಳಿಗೆ ಶಾಲೆಯ ವಾರದ ಮೊದಲ ದಿನ. ಮಂಗಳವಾರಕ್ಕೆ ನೋವು ಇಳಿಯುತ್ತಿತ್ತು. ಬುಧವಾರ ಜಿಗಿದಾಡುತ್ತಿದ್ದಳು. ಇದರಲ್ಲಿ ತಿಳಿಯದ್ದೇನಿದೆ ಎಂದು ನಾನು ಮಗನಿಗೆ ಹೇಳಿದೆ. ನನ್ನ ಹೆಂಡತಿ ಮೊದಲಿಗೆ ಮಾತ್ರ ಬೇರೆ ಹೇಳಿದಳು. ಅಮಾವಾಸ್ಯೆಗೆ ಅಂಗಡಿಯ ಪೂಜೆ ಮುಗಿದ ಮರುದಿನವೂ ಹುಡುಗಿ ಮಲಗುತ್ತಾಳೆ, ಏನೋ ಗಾಳಿ ಇರಬೇಕು ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಅಮಾವಾಸ್ಯೆಯ ಪೂಜೆಗೆ ಗೋಧಿಹಿಟ್ಟಿನ ಹೋಳಿಗೆಯೋ ಕಡಬೋ ಮಾಡುತ್ತಿದ್ದೆವು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಬ್ಬದ ಅಡಿಗೆಯ ಮೇಲೆ ಯಾರಾದರೂ ಸಂಶಯ ಪಡುತ್ತಾರೆಯೇ?

ಮೊದಲು ಹಾಸ್ಯ ಮಾಡಿದೆ. ಅವಳಿಗೆ ನಾಟಕದಾಕಿ ಎಂದು ಹೆಸರಿಟ್ಟೆ. ಒಂದು ಸೋಮವಾರ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟನ್ನು, ನಮ್ಮ ಮಾತಲ್ಲಿ ತುಂಬನ್ನು, ಮುರಿಯುತ್ತಿದ್ದರು. ಅವರ ಮುಂದೆ ನಿಲ್ಲಿಸಿದೆ.

"ನೋಡ್ರೆವಾ, ಕಂಪನಿ ನಾಟಕದಾಕಿ ಬಂದಾಳ. ಯಾವ ಪಾರ್ಟು ಮಾಡ್ತಿ ಅಂತ ಕೇಳ್ರಿ."

ನಾನು ಯಜಮಾನ, ಅವರು ನಗಲೇಬೇಕಿತ್ತು, ನಕ್ಕರು. ಒಬ್ಬ ಮುದುಕಿ ಮಾತ್ರ ನಗದೆ ನೋಡಿದಳು.

"ಯಜಮಾನ್ರ, ಕೂಸಿನ ತುಟಿ ಬೆಳ್ಳಗಾಗ್ಯಾವ್ರಿ."

ನೀನು ತುಂಬು ನೋಡು, ತುಟಿ ನಾನು ನೋಡುತ್ತೇನೆ ಎಂದೆ. ಎಲ್ಲರೂ ಮತ್ತೊಮ್ಮೆ ನಕ್ಕರು. ಮೊಮ್ಮಗಳು ಅಂಗಿಯ ಅಂಚನ್ನು ಹಿಡಿದುಕೊಂಡು ನಿಂತೇ ಇದ್ದಳು. ಅವಳು ಅಳುವುದನ್ನು ಬಿಟ್ಟದ್ದು ಅಂದಿನಿಂದ ಇರಬೇಕು. ಆಗ ಅದು ನನಗೆ ಗೊತ್ತಾಗಲಿಲ್ಲ. ಅತ್ತರೆ ನಾಟಕವೆಂದೂ, ಅಳದಿದ್ದರೆ ನೋವಿಲ್ಲವೆಂದೂ ಲೆಕ್ಕ ಹಾಕುತ್ತಿದ್ದೆ.

ಇನ್ನೊಂದು ಸೋಮವಾರ ಅವಳನ್ನು ಮೆಣಸಿನಕಾಯಿಯ ಗೋದಾಮಿನಲ್ಲಿ ಕೂಡಿಸಿದೆ. ಹೊಟ್ಟೆ ನೋಯುವವರು ಆಡುವುದಿಲ್ಲ, ಮಲಗುವುದಿಲ್ಲ, ಇಲ್ಲೇ ಕುಳಿತಿರಬೇಕು, ನೋವು ಹೋದ ಮೇಲೆ ಹೇಳು ಎಂದೆ. ಗೋದಾಮಿನ ಘಾಟು ನಮಗೆ ರೂಢಿ. ಮಗುವಿಗೆ ಅಲ್ಲ. ಅರ್ಧ ಗಂಟೆ ಕೆಮ್ಮು ಕೇಳಿಸಿತು. ನಾನು ಗಿರಾಕಿಯೊಬ್ಬನ ಜೊತೆ ಚಹಾ ಕುಡಿಯುತ್ತಿದ್ದೆ. ಅವನು ಒಳಗೆ ಯಾರು ಎಂದು ಕೇಳಿದ. ನಮ್ಮ ಮೊಮ್ಮಗಳು, ಔಷಧ ತೆಗೆದುಕೊಳ್ಳುತ್ತಿದ್ದಾಳೆ ಎಂದೆ. ಆಮೇಲೆ ಅವಳು ಬಾಗಿಲಿಗೆ ಬಂದು, ಕಣ್ಣು ಒರೆಸಿಕೊಳ್ಳುತ್ತ, ನೋವು ಹೋಯಿತು ಅಂದಳು. ನಾನೇ ಶಾಲೆಯವರೆಗೆ ಬಿಟ್ಟುಬಂದೆ. ದಾರಿಯಲ್ಲಿ ಎರಡು ಸಲ ಬಗ್ಗಿ ನಿಂತಳು. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

ಸೊಸೆ ಮೇಡ್ಲೇರಿಯವಳು. ಪಿಯುಸಿವರೆಗೆ ಓದಿದವಳು, ಮಾತು ಕಡಿಮೆ. ಅವಳು ಮಗುವನ್ನು ಹಾವೇರಿಯ ಒಬ್ಬ ಡಾಕ್ಟರ ಹತ್ತಿರ ಒಯ್ದಳು. ಹುಳದ ಔಷಧ ಕೊಟ್ಟರು. ಇನ್ನೊಂದು ಸಲ ಗ್ಯಾಸ್ ಎಂದು ಗುಲಾಬಿ ಬಣ್ಣದ ಔಷಧ ಕೊಟ್ಟರು. ಮೂರನೆಯ ಸಲ, ನೀವು ಬ್ಯಾಡಗಿಯವರು, ಖಾರ ಬಹಳ ತಿನ್ನುತ್ತೀರಿ, ಮಗುವಿಗೆ ಖಾರ ಬಿಡಿಸಿ ಎಂದರಂತೆ. ಸಂಜೆ ಸೊಸೆ ಇದನ್ನು ಹೇಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊರಿಗೆ ಊರೇ ಅನ್ನ ತಿನ್ನುವುದು ಮೆಣಸಿನಕಾಯಿಯಿಂದ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ತಿಂದು ಹೊಟ್ಟೆ ಕೆಟ್ಟಿತು ಎಂದು ಮೆಣಸಿನಕಾಯಿ ವ್ಯಾಪಾರಿಯ ಮನೆಯಿಂದಲೇ ಸುದ್ದಿ ಹೊರಟರೆ? ಆ ರಾತ್ರಿಯ ಊಟಕ್ಕೆ ಮೊಮ್ಮಗಳ ತಾಟಿಗೆ ರೊಟ್ಟಿ ಹಾಕಿಸಿ, ಕೆಂಪು ಖಾರದ ಚಟ್ನಿಯನ್ನು ನಾನೇ ಬಡಿಸಿ, ಎಲ್ಲವನ್ನೂ ತಿನ್ನಿಸಿದೆ. ಅವಳ ಕಣ್ಣು ಮೂಗಿನಲ್ಲಿ ನೀರು ಬಂತು. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಮರುದಿನ ಮಗುವಿಗೆ ಏನೂ ಆಗಲಿಲ್ಲ. ನಾನು ಗೆದ್ದೆ. ಖಾರದ ವಿಷಯದಲ್ಲಿ ನಾನು ಹೇಳಿದ್ದು ನಿಜವೇ ಆಗಿತ್ತು. ಅದೊಂದು ನಿಜವಾದದ್ದೇ ಕೇಡಾಯಿತು. ಆಮೇಲೆ ನಾನು ಯಾರ ಮಾತನ್ನೂ ಕೇಳುವ ಹಾಗೆ ಉಳಿಯಲಿಲ್ಲ.

ಸೊಸೆ ಸುಮ್ಮನೆ ಕೂಡಲಿಲ್ಲ. ಒಂದು ತಿಂಗಳು ಹಾಲು ನಿಲ್ಲಿಸಿದಳು. ನೋವು ನಿಲ್ಲಲಿಲ್ಲ. ಆಮೇಲೆ ಶೇಂಗಾ ನಿಲ್ಲಿಸಿದಳು. ಬದನೆಕಾಯಿ ನಂಜು ಎಂದು ಯಾರೋ ಹೇಳಿದ್ದಕ್ಕೆ ಅದನ್ನೂ ಬಿಡಿಸಿದಳು. ಅಡಿಗೆಮನೆಯಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮನೆಗಳಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆಯತೊಡಗಿದಳು. ಜೋಳಕ್ಕೆ ಜೋ, ಅನ್ನಕ್ಕೆ ಅ, ಗೋಧಿಗೆ ಗೋ. ಬಿಸ್ಕೀಟು ತಿಂದರೆ ಬಿ. ನೋವು ಬಂದ ದಿನ ಒಂದು ಕತ್ತರಿ ಗುರುತು. ಭೇದಿಯಾದರೆ ಎರಡು. ನಾನು ನೋಡಿದ್ದೆ. ಹಾಲಿನವಳ ಲೆಕ್ಕಕ್ಕಿಂತ ಇದೇ ದೊಡ್ಡದಾಯಿತು ಎಂದು ಚುಚ್ಚಿದ್ದೆ.

ಬೇಸಿಗೆ ರಜೆಯಲ್ಲಿ ತಾಯಿ ಮಗಳು ಮೇಡ್ಲೇರಿಗೆ ಹೋದರು. ತುಂಗಭದ್ರೆಯ ದಂಡೆಯ ಊರು, ನೀರಾವರಿ, ಭತ್ತ ಬೆಳೆಯುವ ಮನೆ. ಅಲ್ಲಿ ಬೆಳಿಗ್ಗೆ ಅನ್ನ, ಸಂಜೆ ರೊಟ್ಟಿ. ಒಂದೂವರೆ ತಿಂಗಳು ಹುಡುಗಿಗೆ ಹೊಟ್ಟೆನೋವು ಬರಲಿಲ್ಲ. ತಿರುಗಿ ಬಂದಾಗ ಗಲ್ಲ ತುಂಬಿದ್ದವು. ಸೊಸೆ ಸಂತೋಷದಿಂದ ಹೇಳಿದಳು. ಅಲ್ಲಿ ಶಾಲೆ ಇಲ್ಲವಲ್ಲ, ನೋವು ಯಾಕೆ ಬರುತ್ತದೆ ಎಂದು ನಾನು ಅಂದೆ. ಮಗ ತಲೆ ಆಡಿಸಿದ. ಅವನು ಅಂಗಡಿಯಲ್ಲೂ ಮನೆಯಲ್ಲೂ ನನ್ನ ಮಾತಿಗೆ ತಲೆ ಆಡಿಸಿಯೇ ದೊಡ್ಡವನಾದವನು.

ಶಾಲೆ ಶುರುವಾಯಿತು, ಭಾನುವಾರದ ಚಪಾತಿ ಶುರುವಾಯಿತು, ಸೋಮವಾರದ ನೋವೂ ಶುರುವಾಯಿತು. ಹೀಗೆ ಇನ್ನೊಂದು ವರ್ಷ ಹೋಯಿತು. ಎಂಟು ತುಂಬಿದ ಹುಡುಗಿ ಐದು ವರ್ಷದವಳ ಹಾಗೆ ಕಾಣುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಅದನ್ನು ನೋಡಿ ನಾನು, ತಿನ್ನುವುದೇನೂ ಕಡಿಮೆಯಿಲ್ಲ ಎನ್ನುತ್ತಿದ್ದೆ.

ಆ ಶ್ರಾವಣದಲ್ಲಿ ಶಾಲೆಯ ಮಾಸ್ತರರು ನನ್ನನ್ನು ಕರೆಸಿ ಹುಡುಗಿ ಬಹಳ ತಪ್ಪಿಸುತ್ತಾಳೆ ಎಂದರು. ನಾಲ್ಕು ಜನರ ಮುಂದೆ ಹೇಳಿದರು. ಮನೆಗೆ ಬಂದು ಶಿಕ್ಷೆ ವಿಧಿಸಿದೆ. ಇವಳ ನಾಟಕ ಮುಗಿಯುವವರೆಗೆ ಚಪಾತಿ ಇಲ್ಲ, ಸಜ್ಜಕ ಇಲ್ಲ, ಬಿಸ್ಕೀಟು ಇಲ್ಲ. ಮೂರು ಹೊತ್ತೂ ಜೋಳದ ಕಟಕ ರೊಟ್ಟಿ, ಖಾರ, ಮೊಸರು. ಶ್ರಾವಣದಲ್ಲಿ ಎಲ್ಲರೂ ಸಿಹಿ ಉಣ್ಣುವಾಗ ಅವಳು ಮೂಲೆಯಲ್ಲಿ ಕುಳಿತು ಒಣರೊಟ್ಟಿ ಮುರಿಯಬೇಕು. ಮುರಿಯುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ನೋಡು, ಹೊಟ್ಟೆ ನೆಟ್ಟಗಿದ್ದವರಿಗೆ ಇದು ಸಿಗುತ್ತದೆ ಎಂದೆ.

ಇಪ್ಪತ್ತು ದಿನ. ಆ ಇಪ್ಪತ್ತು ದಿನಗಳಲ್ಲಿ ಮೂರು ಸೋಮವಾರ ಬಂದು ಹೋದವು. ಹೊಟ್ಟೆನೋವು ಬರಲಿಲ್ಲ. ಹುಡುಗಿ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದೆ. ಡಾಕ್ಟರು ಮೂರು ಸಲ ಔಷಧ ಕೊಟ್ಟು ಮಾಡಲಾಗದ್ದನ್ನು ನಾನು ಒಣರೊಟ್ಟಿಯಿಂದ ಮಾಡಿದೆ ಎಂದೆ. ಹುಡುಗರನ್ನು ಹೀಗೆಯೇ ಹದಕ್ಕೆ ತರಬೇಕು ಎಂದು ಒಬ್ಬಿಬ್ಬರು ಮೆಚ್ಚಿದರು. ಗಣೇಶ ಚೌತಿಯ ದಿನ ಶಿಕ್ಷೆ ತೆಗೆದೆ. ಅವಳನ್ನು ಮತ್ತೆ ಪಕ್ಕಕ್ಕೆ ಕೂಡಿಸಿಕೊಂಡೆ. ಕಡಬು ಮುರಿದು, ತುಪ್ಪದಲ್ಲಿ ಅದ್ದಿ, ಒಂದು, ಎರಡು, ಮೂರು ತಿನ್ನಿಸಿದೆ. ಬಹುಮಾನವೆಂದು ಬಿಸ್ಕೀಟಿನ ದೊಡ್ಡ ಪೊಟ್ಟಣ ತಂದಿದ್ದೆ, ಅದನ್ನೂ ಕೊಟ್ಟೆ. ಅವಳು ನನ್ನ ತೊಡೆಗೆ ಒರಗಿಕೊಂಡು ತಿಂದಳು.

ಮರುದಿನ ಬೆಳಿಗ್ಗೆ ಗೋಡೆಗೆ ಆನಿಕೊಂಡು ಕುಳಿತಿದ್ದಳು.

ನಾನು ಕಪಾಳಕ್ಕೆ ಹೊಡೆದೆ. ಅದಕ್ಕೂ ಮೊದಲು ಅವಳ ಮೈಮೇಲೆ ಕೈ ಎತ್ತಿರಲಿಲ್ಲ. ನನ್ನ ಧೋತರದ ಮೇಲೆ ವಾಂತಿ ಮಾಡಿಕೊಂಡಳು. ಅದಕ್ಕೆ ಇನ್ನೊಂದು ಹೊಡೆದೆ.

ಸೊಸೆ ಬಂದು ಮಗುವನ್ನು ಎತ್ತಿಕೊಂಡಳು. ಮದುವೆಯಾಗಿ ಬಂದ ಹತ್ತು ವರ್ಷಗಳಲ್ಲಿ ನನ್ನ ಮುಖ ನೋಡಿ ಮಾತಾಡಿದವಳಲ್ಲ. ಅಂದು ನೋಡಿದಳು.

"ಮಾವಾರ, ನೀವು ಶಿಕ್ಷಾ ಅಂತ ರೊಟ್ಟಿ ಕೊಟ್ರಿ, ಇಪ್ಪತ್ತು ದಿನ ಆಕಿಗೆ ಏನೂ ಆಗಲಿಲ್ಲ. ನಿನ್ನೆ ಪ್ರೀತಿ ಮಾಡಿ ಉಣಿಸಿದ್ರಿ, ಇವತ್ತು ಬಿದ್ದಾಳ. ಆಕಿಗೆ ನಿಮ್ಮ ಪ್ರೀತಿಯಿಂದನ ನೋವಾಗಾಕತ್ತೈತ್ರಿ. ಗೋಧಿ ಆಕಿಗೆ ಆಗೂದಿಲ್ಲ. ಬರದೇನಿ, ಬೇಕಾದ್ರ ನೋಡ್ರಿ."

ಅವಳು ಕ್ಯಾಲೆಂಡರ್ ತೋರಿಸಿದಳು. ನಾನು ನೋಡಿದೆ. ಗೋ ಎಂದು ಬರೆದಿದ್ದ ಮನೆಯ ಮುಂದಿನ ಮನೆಯಲ್ಲಿ ಕತ್ತರಿ. ಬಿ ಎರಡು ದಿನ ಇದ್ದರೆ ಮೂರನೆಯ ದಿನ ಕತ್ತರಿ. ಇಪ್ಪತ್ತು ಮನೆಗಳಲ್ಲಿ ಜೋ, ಜೋ, ಜೋ, ಕತ್ತರಿಯೇ ಇಲ್ಲ. ಎಷ್ಟೋ ತಿಂಗಳು. ಚಿಕ್ಕ ಹುಡುಗನಿಗೂ ತಿಳಿಯುವ ಹಾಗಿತ್ತು. ನನಗೂ ತಿಳಿಯಿತು. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ತಿಳಿಯದೆ ಮಾಡಿದೆ ಎಂದು ಮಗ ಈಗಲೂ ನನ್ನ ಪರವಾಗಿ ಹೇಳುತ್ತಾನೆ. ಅದು ನಿಜವಲ್ಲ. ಆ ಹಾಳೆಗಳ ಮುಂದೆ ನಿಂತಾಗ ನನಗೆ ಪೂರ್ತಿ ತಿಳಿದಿತ್ತು. ಹೆಣ್ಣುಮಗಳೊಬ್ಬಳು ಪೆನ್ಸಿಲಿನಲ್ಲಿ ಬರೆದು ನನ್ನನ್ನು ಸುಳ್ಳು ಮಾಡಿದಳಲ್ಲ ಎಂಬುದೊಂದೇ ಅದಕ್ಕಿಂತ ದೊಡ್ಡದಾಗಿ ಕಂಡಿತು. ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು, ನಡುವೆ ಹರಿದು, ನೀರೊಲೆಗೆ ಹಾಕಿದೆ.

ಅವಳು ಬಿಡಿಸಿಕೊಳ್ಳಲು ಬರಲಿಲ್ಲ. ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಮಗಳ ಜೊತೆ ಮೇಡ್ಲೇರಿಗೆ ಹೊರಟಳು. ಮಗ ಬಸ್ ನಿಲ್ದಾಣದವರೆಗೆ ಹೋದ, ತಿರುಗಿ ಬಂದ.

ಒಂದು ವಾರದ ಮೇಲೆ ಮೇಡ್ಲೇರಿಯವರು ಮಗುವನ್ನು ರಾಣೇಬೆನ್ನೂರಿನ ಮಕ್ಕಳ ಡಾಕ್ಟರಿಗೆ ತೋರಿಸುತ್ತಿದ್ದಾರೆಂದು ಗೊತ್ತಾಯಿತು. ನಾನೂ ಹೋದೆ. ಯಾಕೆಂದು ಕೇಳಿದವರಿಗೆ ಮೊಮ್ಮಗಳ ಚಿಂತೆ ಎಂದೆ. ಹೋದದ್ದು ಡಾಕ್ಟರಿಗೆ ಅವಳ ನಾಟಕದ ವಿಷಯ ಹೇಳಲು. ಹೇಳಿದೆ ಕೂಡ. ಸೋಮವಾರ, ಶಾಲೆ, ಎಲ್ಲ. ಡಾಕ್ಟರು ಸಣ್ಣ ವಯಸ್ಸಿನವರು. ಉತ್ತರ ಭಾರತದ ಕಡೆ ಓದಿ ಬಂದವರು. ನನ್ನ ಮಾತು ಮುಗಿಯುವವರೆಗೆ ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಆಮೇಲೆ ಅವಳಿಗೆ, ಎಲ್ಲಿ ನೋಯುತ್ತದೆ ಪುಟ್ಟಿ ಎಂದು ಕೇಳಿದರು. ಅವಳು ಹೊಟ್ಟೆಯನ್ನು ನೋಡಿಕೊಳ್ಳಲಿಲ್ಲ. ನನ್ನ ಮುಖ ನೋಡಿದಳು.

"ಅಜ್ಜಾರ, ನೀವು ಸ್ವಲ್ಪ ಹೊರಗ ಕುಂದ್ರಿ," ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಅಳುವ ಕೂಸುಗಳ ನಡುವೆ ಕುಳಿತೆ. ಪಕ್ಕದ ಹೆಣ್ಣುಮಗಳು, ಹಲಗೇರಿಯವಳಂತೆ, ನಿಮ್ಮ ಪೇಶಂಟ್ ಯಾರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಡಾಕ್ಟರು ಸೊಸೆಯಿಂದ ಎಲ್ಲವನ್ನೂ ಕೇಳಿದರು. ಬರೆದದ್ದನ್ನು ತನ್ನಿ ಎಂದರೆ ಅವಳ ಹತ್ತಿರ ಏನೂ ಇರಲಿಲ್ಲ. ನೆನಪಿನಿಂದ ಹೇಳಿದಳು. ನೆನಪು ಸಾಲದು, ಗೋಧಿ ಕೊಟ್ಟು, ಬಿಟ್ಟು ಇನ್ನೊಮ್ಮೆ ಬರೆಯಿರಿ ಎಂದು ಕಳಿಸಿದರಂತೆ. ನಾನು ಸುಟ್ಟದ್ದರಿಂದ ಮಗುವಿಗೆ ಇನ್ನೂ ಕೆಲವು ವಾರ ನೋವು ಹೆಚ್ಚಾಯಿತು. ಆಮೇಲೆ ರಕ್ತ ಪರೀಕ್ಷೆ ಮಾಡಬೇಕೆಂದರು. ಅಷ್ಟರಲ್ಲಿ ಸೊಸೆ ಗೋಧಿ ಬಿಡಿಸಿದ್ದಳು, ಮಗು ಆರಾಮವಾಗಿತ್ತು. ಆದರೆ ಗೋಧಿ ತಿನ್ನದೆ ಇದ್ದರೆ ಪರೀಕ್ಷೆಯಲ್ಲಿ ರೋಗ ಕಾಣುವುದಿಲ್ಲ, ಒಂದೂವರೆ ತಿಂಗಳು ದಿನಾಲೂ ಗೋಧಿ ತಿನ್ನಿಸಿ ಕರೆತನ್ನಿ ಎಂದರು.

ಶಾಲೆ ಇದ್ದದ್ದರಿಂದ ಇಬ್ಬರೂ ಬ್ಯಾಡಗಿಗೆ ತಿರುಗಿ ಬಂದರು. ಸೊಸೆ ಚಪಾತಿ ಲಟ್ಟಿಸುತ್ತಿದ್ದಳು, ಆದರೆ ಮಗಳ ತಾಟಿಗೆ ಹಾಕಲು ಅವಳಿಂದ ಆಗುತ್ತಿರಲಿಲ್ಲ. ಹುಡುಗಿಯೇ ಬುಟ್ಟಿಯಿಂದ ತೆಗೆದುಕೊಳ್ಳುತ್ತಿದ್ದಳು. ಎದುರಿಗೆ ನಾನು. ಒಂದೂವರೆ ತಿಂಗಳು ನಾನು ಅವಳು ತಿನ್ನುವುದನ್ನು ನೋಡಿದೆ. ಮೊದಲ ಸಲ ನಿಜವಾಗಿ ನೋಡಿದೆ. ಊಟವಾಗಿ ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಬಣ್ಣ ಇಳಿಯುತ್ತಿತ್ತು. ಮೊಣಕಾಲು ಎದೆಗೆ ಹತ್ತಿಸಿಕೊಂಡು ಪಕ್ಕಕ್ಕೆ ಹೊರಳುತ್ತಿದ್ದಳು. ಕಾಲಿನ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಸದ್ದಿಲ್ಲ. ನೋವು ಹೋಗುವವರೆಗೆ ನೆಲದ ಫರಸಿಕಲ್ಲಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಎರಡೂವರೆ ವರ್ಷ ಇದೆಲ್ಲ ನನ್ನ ಮನೆಯಲ್ಲೇ ನಡೆದಿತ್ತು, ನಾನು ಮುಖ ತಿರುಗಿಸಿಕೊಂಡಿದ್ದೆ.

ರಕ್ತ ಪರೀಕ್ಷೆ ಆಯಿತು. ಹುಬ್ಬಳ್ಳಿಗೆ ಒಯ್ದು ಗಂಟಲಿನಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ರೋಗಕ್ಕೆ ಒಂದು ಇಂಗ್ಲಿಷ್ ಹೆಸರು ಹೇಳಿದರು. ಗೋಧಿಯಲ್ಲಿರುವ ಅಂಟು ಅವಳ ಕರುಳನ್ನು ತಿನ್ನುತ್ತಿದೆ, ಜೀವ ಇರುವವರೆಗೆ ಗೋಧಿ, ಮೈದಾ, ರವೆ, ಶಾವಿಗೆ, ಬ್ರೆಡ್ಡು, ಬಿಸ್ಕೀಟು ಯಾವುದೂ ಬೇಡ, ಜೋಳ, ಅಕ್ಕಿ, ರಾಗಿ ಏನು ಬೇಕಾದರೂ ತಿನ್ನಲಿ ಎಂದರು. ನಾನು ಶಿಕ್ಷೆ ಎಂದು ಕೊಟ್ಟದ್ದೇ ಅವಳ ಔಷಧ. ಡಾಕ್ಟರು ಅದನ್ನು ಸೊಸೆಗೆ ಹೇಳುವಾಗ ನಾನು ಅಲ್ಲಿ ಇದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಮೂರ್ಖನಿದ್ದೆ, ಬುದ್ಧಿ ಬಂತು ಎಂದು ಹೇಳಿಕೊಂಡು ತಿರುಗಾಡಬಹುದಿತ್ತು.

ಮನೆಗೆ ಗೋಧಿ ತರುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ನಮಗೆ ಚಪಾತಿ, ಅವಳಿಗೆ ರೊಟ್ಟಿ. ಸೊಸೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಕೊಣಮಿಗೆ ಇಟ್ಟುಕೊಂಡಳು. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸುತ್ತಾರೆಂದು ಡಾಕ್ಟರು ಹೇಳಿದ್ದಕ್ಕೆ ಇಂಗನ್ನೂ ಬಿಟ್ಟಳು. ಹುಡುಗಿ ಮೊದಲಿಗಿಂತ ಆರಾಮ. ಆದರೆ ನೋವು ಪೂರ್ತಿ ಹೋಗಲಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಎರಡು ದಿನ ಇದ್ದು ಹೋಗುತ್ತಿತ್ತು. ಎರಡು ತಿಂಗಳು ಹೀಗಾಯಿತು.

ಆಗ ನಾನು ಮತ್ತೆ ಅದೇ ಮಾತು ಆಡಿದೆ. ಇಷ್ಟಾದ ಮೇಲೂ. ಹೆಂಡತಿಯ ಮುಂದೆ, ಹುಡುಗಿಗೆ ಕೇಳಿಸುವ ಹಾಗೆಯೇ ಹೇಳಿದೆ. "ಈಗಂತೂ ಗೋಧಿ ಮುಟ್ಟೂದಿಲ್ಲ. ಮತ್ತ್ಯಾಕ ನೋಯತೈತಿ? ರೋಗ ಖರೇ ಇದ್ದೀತು, ರೂಢಿನೂ ಬಿದ್ದೈತಿ."

ಹುಡುಗಿ ಜಗಲಿಯ ಮೇಲೆ ಬರೆಯುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ. ಅಂದಿನಿಂದ ಒಂದು ತಿಂಗಳು ಅವಳು ನೋವು ಎಂದು ಹೇಳಲೇ ಇಲ್ಲ. ರೂಢಿ ಬಿಡಿಸಿದೆ ಅಂದುಕೊಂಡೆ. ಸೊಸೆ ಮಾತ್ರ ಮಗಳ ಚಡ್ಡಿ ಒಗೆಯುವಾಗ ಭೇದಿ ನಿಂತಿಲ್ಲವೆಂದು ಕಂಡುಕೊಂಡಳು.

ಮತ್ತೆ ಬರೆದಳು. ಈ ಸಲ ಹಳೆಯ ನೋಟ್‌ಬುಕ್ಕಿನಲ್ಲಿ, ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಳು. ಅದರಲ್ಲಿ ಎರಡೇ ಅಕ್ಷರಗಳಿದ್ದವು, ಜೋ ಮತ್ತು ಅ. ಅನ್ನ ಮಾತ್ರ ತಿಂದ ದಿನಗಳ ನಂತರ ನೋವಿಲ್ಲ. ರೊಟ್ಟಿ ತಿಂದರೆ ಒಮ್ಮೆ ಇದೆ, ಒಮ್ಮೆ ಇಲ್ಲ. ಹೊಸ ಹಿಟ್ಟು ಬಂದ ದಿನ ನೋವು, ಹಿಟ್ಟಿನ ಡಬ್ಬಿ ತಳಕ್ಕೆ ಬಂದಾಗ ಇಲ್ಲ. ಅವಳು ಇದನ್ನು ಎಷ್ಟು ದಿನ ನೋಡುತ್ತ ಕುಳಿತಳೋ. ಒಂದು ಮಧ್ಯಾಹ್ನ ನಾನು ಗಿರಣಿಯಿಂದ ಬಂದು ಹಿಟ್ಟಿನ ಚೀಲ ಇಳಿಸಿದೆ. ಜೋಳ ಬೀಸಿಕೊಂಡು ಬರುವುದು ನನ್ನ ಕೆಲಸವಾಗಿತ್ತು. ವ್ಯಾಪಾರವನ್ನು ಮಗನಿಗೆ ಬಿಟ್ಟ ಮೇಲೆ ನಾನಾಗಿಯೇ ಹಿಡಿದುಕೊಂಡ ಕೆಲಸ. ಮೊಮ್ಮಗಳಿಗೆ ಇಷ್ಟಾದರೂ ಮಾಡೋಣವೆಂದು.

"ಮಾವಾರ, ನಮ್ಮ ಜ್ವಾಳಕ್ಕಿಂತ ಮೊದಲ ಗಿರಣ್ಯಾಗ ಏನ್ ಹಾಕಿದ್ರಿ?"

ನಮ್ಮ ಓಣಿಯ ಗಿರಣಿಯಲ್ಲಿ ಇದ್ದದ್ದು ಒಂದೇ ಕಲ್ಲು. ಗೋಧಿಯಲ್ಲಿ ಜೋಳದ ಹಿಟ್ಟು ಬಿದ್ದರೆ ಚಪಾತಿ ಹರಿಯುತ್ತದೆ ಎಂದು ಗೋಧಿ ತಂದವರು ಜಗಳ ತೆಗೆಯುತ್ತಾರೆ. ಹಾಗಾಗಿ ಗಿರಣಿಯವನು ಬೆಳಿಗ್ಗೆ ಕಲ್ಲು ಒರೆಸಿ ಮೊದಲು ಗೋಧಿ ಹಾಕುವನು, ಅದು ಮುಗಿದ ಮೇಲೆ ಜೋಳ. ಗೋಧಿಯ ಕೊನೆಯ ಹಿಟ್ಟು ಕಲ್ಲಿನ ಸಂದಿಯಲ್ಲಿ, ಕೊಳವೆಯಲ್ಲಿ, ಬಟ್ಟೆಯ ಚೀಲದಲ್ಲಿ ಉಳಿದಿರುತ್ತದೆ, ಮುಂದಿನ ಜೋಳ ಅದನ್ನು ತಳ್ಳಿಕೊಂಡು ಬರುತ್ತದೆ. ಜೋಳದವರು ಯಾರೂ ಜಗಳ ತೆಗೆಯುವುದಿಲ್ಲ. ರೊಟ್ಟಿಗೆ ಅಷ್ಟು ಗೋಧಿ ಬಿದ್ದರೆ ಬಡಿಯಲು ಇನ್ನೂ ಚೆನ್ನ. ನನ್ನನ್ನು ಕಂಡು ಗಿರಣಿಯವನು ಗೌರವದಿಂದ ಕಾಯಿಸದೆ, ಗೋಧಿ ಮುಗಿದ ಕೂಡಲೇ ನಮ್ಮ ಜೋಳ ಹಾಕುತ್ತಿದ್ದ. ಉಳಿದ ಜೋಳದವರು ನನ್ನ ಹಿಂದೆ. ಮೊದಲು ಅಂಗಡಿಯ ಆಳು ಹೋಗುತ್ತಿದ್ದಾಗ ಅವರೆಲ್ಲರ ಹಿಂದೆ ನಮ್ಮ ಸರದಿ ಬರುತ್ತಿತ್ತು. ಕಲ್ಲಿನಲ್ಲಿದ್ದ ಗೋಧಿಯನ್ನೆಲ್ಲ ಹದಿನೈದು ದಿನಕ್ಕೊಮ್ಮೆ ಹೆಗಲ ಮೇಲೆ ಹೊತ್ತು ಅವಳಿಗೆ ತಂದುಕೊಡುತ್ತಿದ್ದವನು ನಾನು. ಹೊಸ ಹಿಟ್ಟನ್ನು ಮೇಲಿನಿಂದ ಬಳಸುತ್ತಿದ್ದರು. ಗಿರಣಿಯಿಂದ ಮೊದಲು ಚೀಲದ ತಳಕ್ಕೆ ಬಿದ್ದ ಹಿಟ್ಟು ನಾನು ಡಬ್ಬಿಗೆ ಬೋರಲು ಸುರಿಯುವಾಗ ಮೇಲೆ ಬರುತ್ತಿತ್ತು.

ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ಆ ಹಿಟ್ಟನ್ನು ನನ್ನ ಎದುರೇ ದನಕ್ಕೆ ಹಾಕಲು ಕೊಟ್ಟು, ಮೇಡ್ಲೇರಿಯಿಂದ ಬೀಸುವ ಕಲ್ಲು ತರಿಸಿದಳು. ದಿನಾಲೂ ಬೆಳಿಗ್ಗೆ ಎದ್ದು ಮಗಳಿಗಾಗಿ ಜೋಳ ಬೀಸುತ್ತಿದ್ದಳು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಒಂದು ದಿನ ನಾನು ಹೋಗಿ, ಸ್ವಲ್ಪ ಹೊತ್ತು ನಾನು ಬೀಸುತ್ತೇನೆ ಎಂದೆ.

"ಬ್ಯಾಡ್ರಿ. ನಿಮ್ಮ ಕೈಗೆ ಏನ್ ಹತ್ತಿರತೈತೋ ಏನೋ."

ಸಿಟ್ಟಿನಿಂದ ಹೇಳಲಿಲ್ಲ. ನಾನು ಆಗಷ್ಟೇ ಚಪಾತಿ ಮುರಿದು ಎದ್ದು ಬಂದಿದ್ದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಬೀಸುವ ಕಲ್ಲು ಬಂದ ಮೇಲೆ ಹುಡುಗಿಗೆ ಹೊಟ್ಟೆನೋವು ಬರಲಿಲ್ಲ. ಒಂದು ವರ್ಷದಲ್ಲಿ ಅಂಗಿಗಳೆಲ್ಲ ಗಿಡ್ಡವಾದವು. ಅದೇ ವರ್ಷ ಮಗ ಸೊಸೆ ರಾಣೇಬೆನ್ನೂರಿಗೆ ಮನೆ ಮಾಡಿಕೊಂಡು ಹೋದರು. ಮಗ ಅಲ್ಲಿಂದ ಬಸ್ಸಿನಲ್ಲಿ ಅಂಗಡಿಗೆ ಬಂದು ಹೋಗುತ್ತಿದ್ದ. ಯಾಕೆ ಹೋಗುತ್ತೀರಿ ಎಂದು ನಾನು ಕೇಳಲಿಲ್ಲ. ಹೋದ ಮೇಲೆ ನಾನೂ ಗೋಧಿ ಬಿಟ್ಟೆ. ಮೊಮ್ಮಗಳಿಗೆ ಅದು ಮಗನಿಂದ ಗೊತ್ತಾಗಿ, ಅಜ್ಜ ಬಿಟ್ಟರೆ ನನಗೇನು ಲಾಭ ಎಂದಳಂತೆ. ಮಗ ಅದನ್ನು ತಮಾಷೆಯ ಮಾತೆಂದು ನನಗೆ ಹೇಳಿದ.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಶಾಲೆಯಲ್ಲಿ ಖೋ ಖೋ ಆಡುವಾಗ ಬಿದ್ದು ಮುಂಗೈ ಎಲುಬು ಮುರಿಯಿತು. ಅವಳು ಯಾರಿಗೂ ಹೇಳಲಿಲ್ಲ. ಎರಡು ದಿನ ಆ ಕೈಯಲ್ಲೇ ಬರೆದಳು, ಚೀಲ ಹೊತ್ತಳು. ಮೂರನೆಯ ದಿನ ಜಡೆ ಹಾಕಿಕೊಳ್ಳಲು ಕೈ ಎತ್ತಲಾಗದೆ ನಿಂತದ್ದನ್ನು ತಾಯಿ ನೋಡಿದಳು. ಸುದ್ದಿ ತಿಳಿದು ನಾನು ರಾಣೇಬೆನ್ನೂರಿಗೆ ಹೋದೆ. ಪಟ್ಟಿ ಹಾಕಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತಿದ್ದಳು. ಹಿಂದೆ ಬಾಗಿಲಲ್ಲಿ ಅವಳ ತಾಯಿ ಸೊಪ್ಪು ಸೋಸುತ್ತಿದ್ದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಖರೇನ ನೋಯಾಕತ್ತೈತೋ, ನನಗ ಹಂಗ ಅನಸಾಕತ್ತೈತೋ ಗೊತ್ತಾಗಲಿಲ್ಲ ಅಜ್ಜ."

ಎಲುಬು ಮುರಿದದ್ದು ಗೊತ್ತಾಗುವುದಿಲ್ಲವೇ ಎಂದೆ.

"ಸಣ್ಣಾಕಿದ್ದಾಗ ನೀ ನಾಟಕ ಅಂತಿದ್ದೆಲ್ಲ. ನೀ ಅಂದಿದ್ದು ಖರೇ ಇರಬೇಕು ಅನಿಸ್ತಿತ್ತು. ನನಗ ಏನೂ ನೋಯೂದಿಲ್ಲ, ನಾನ ಸುಳ್ಳು ಹೇಳಾಕತ್ತೇನಿ ಅಂತ. ಆಮ್ಯಾಲೆ ಡಾಕ್ಟರು ಹೇಳಿದ್ರು ಖರೆ. ಆದ್ರೂ ಏನರ ನೋವಾದ್ರ ಮೊದಲ ಅದ ಅನಿಸತೈತಿ."

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ತಪ್ಪು ನನ್ನದು ಎಂದೆ. ಹೊಡೆದದ್ದು, ಸುಟ್ಟದ್ದು, ಗೋದಾಮಿನಲ್ಲಿ ಕೂಡಿಸಿದ್ದು ಎಲ್ಲ ನನ್ನ ತಪ್ಪು ಎಂದೆ. ಇರಲಿ ಬಿಡು ಎಂದಳು. ದೊಡ್ಡವರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ.

ಪಟ್ಟಿಯಿಂದ ಹೊರಗಿದ್ದ ಅವಳ ಬೆರಳುಗಳು ಊದಿಕೊಂಡಿದ್ದವು.

"ಈಗ ನೋಯತೈತೇನವಾ?"

"ಇಲ್ಲ."

ಅವಳ ಮುಖ ನೋಡಿದೆ. ಇಲ್ಲವೆಂದದ್ದು ಇಲ್ಲದ್ದಕ್ಕೋ, ಕೇಳಿದವನು ನಾನೆಂಬುದಕ್ಕೋ ನನಗೆ ತಿಳಿಯಲಿಲ್ಲ. ಇನ್ನೂ ನೋಡಿದೆ. ತಿಳಿಯಲಿಲ್ಲ.

ಸೊಸೆ ಸೊಪ್ಪನ್ನು ಬದಿಗಿಟ್ಟು ಎದ್ದು ಬಂದಳು. ಮಗಳ ಎದುರು ನಿಂತು, ಏನೂ ಕೇಳದೆ, ಸ್ವಲ್ಪ ಹೊತ್ತು ಅವಳ ಕಣ್ಣನ್ನೂ ತುಟಿಯನ್ನೂ ನೋಡಿದಳು. ಒಳಗೆ ಹೋಗಿ ನೋವಿನ ಗುಳಿಗೆ ಮತ್ತು ನೀರು ತಂದುಕೊಟ್ಟಳು.

ಹುಡುಗಿ ಗುಳಿಗೆ ತೆಗೆದುಕೊಂಡು ನುಂಗಿದಳು.